ಹಿಮ್ಮೇಳದವರ ಹೆಸರು ಬರೆಯಿರಿ

ಪ್ರಿಯ ಮಿತ್ರರೇ,

ರಾಕ್ ಅಂಡ್ ರೋಲ್ ಸಂಗೀತದ ಹುಟ್ಟು ಮತ್ತು ಪ್ರಭಾವ ಕುರಿತ ನಿಮ್ಮ ಲೇಖನ ಕಳೆದ ವಾರ ಕೈಸೇರಿತು. ನಮಗೆ ಬರುವ ಹೆಚ್ಚಿನ ಬರಹಗಳಿಗೆ ಎರಡು ಸಾಲಿನ ಉತ್ತರ ಬರೆದು ಮುಗಿಸುತ್ತೇನೆ. ನಿಮ್ಮದಕ್ಕೆ ಹಾಗೆ ಮಾಡಲು ಮನಸ್ಸು ಬರಲಿಲ್ಲ. ಓದುತ್ತ ಹೋದಂತೆ ಸಿಟ್ಟು ಬಂತು. ಬರೆಯಬಲ್ಲವರ ಬರಹ ಓದಿದಾಗ ಮಾತ್ರ ಬರುವಂಥ ಸಿಟ್ಟು ಅದು. ಕಾರಣ ಹೇಳದೆ ವಾಪಸು ಕಳಿಸಿದರೆ ನಿಮಗೆ ಅನ್ಯಾಯವಾಗುತ್ತದೆ.

ಮೊದಲು ಮೆಚ್ಚಿದ್ದನ್ನು ಹೇಳಿಬಿಡುತ್ತೇನೆ. ಭಾಷೆ ತಿಳಿಯಾಗಿದೆ, ಓದಿಸಿಕೊಂಡು ಹೋಗುತ್ತದೆ. 1949ರಲ್ಲಿ ಆರ್‌ಸಿಎ ವಿಕ್ಟರ್ ಕಂಪನಿ ತಂದ 45 ಆರ್‌ಪಿಎಂನ (ನಿಮಿಷಕ್ಕೆ 45 ಸುತ್ತು ತಿರುಗುವ) ಪುಟ್ಟ ರೆಕಾರ್ಡು, 1954ರಲ್ಲಿ ಬಂದ ಸುಮಾರು 50 ಡಾಲರಿನ ಟ್ರಾನ್ಸಿಸ್ಟರ್ ರೇಡಿಯೋ, ಇವೆರಡೂ ಸಂಗೀತವನ್ನು ಮನೆಯ ನಡುಕೋಣೆಯಿಂದ ಎತ್ತಿ ಹದಿಹರೆಯದವರ ಕೈಗೆ ಕೊಟ್ಟವು ಎಂದು ಬರೆದ ಪ್ಯಾರಾ ಚೆನ್ನಾಗಿದೆ. ಅದನ್ನು ಹಾಗೇ ಇಟ್ಟುಕೊಳ್ಳಿ.

ಇನ್ನು ಎರಡನೇ ಪ್ಯಾರಾ. "1954ರ ಜುಲೈ ತಿಂಗಳ ಆ ರಾತ್ರಿ ಮೆಂಫಿಸ್‌ನ ಪುಟ್ಟ ಸ್ಟುಡಿಯೋದಲ್ಲಿ ಎಲ್ವಿಸ್ ಪ್ರೆಸ್ಲಿ ದನಿ ಎತ್ತಿದರು, ರಾಕ್ ಅಂಡ್ ರೋಲ್ ಹುಟ್ಟಿತು" ಎಂದಿದ್ದೀರಿ.

ಆ ರಾತ್ರಿ ಜುಲೈ 5. ಸ್ಟುಡಿಯೋ ಸ್ಯಾಮ್ ಫಿಲಿಪ್ಸ್ ಅವರದು. ಸರಿ. ಆದರೆ ಬಿಳಿಯ ಗಾಯಕ ಎಲ್ವಿಸ್ ದನಿ ಎತ್ತಿದ್ದು ಯಾರ ಹಾಡಿಗೆ? 'ದಟ್ಸ್ ಆಲ್ ರೈಟ್' ಎಂಬ ಹಾಡನ್ನು ಮಿಸಿಸಿಪಿಯ ಕಪ್ಪು ಗಾಯಕ ಆರ್ಥರ್ ಕ್ರೂಡಪ್ 1946ರಲ್ಲೇ ರೆಕಾರ್ಡ್ ಮಾಡಿದ್ದರು. ಅವರ ಹೆಸರು ನಿಮ್ಮ ಲೇಖನದಲ್ಲಿ ಎಲ್ಲಿಯೂ ಇಲ್ಲ. ನನಗೆ ಹೆಚ್ಚು ಬೇಸರವಾದದ್ದು ಇನ್ನೊಂದು ಕಾರಣಕ್ಕೆ. 45 ಆರ್‌ಪಿಎಂ ರೆಕಾರ್ಡಿನ ಬಗ್ಗೆ ಅಷ್ಟು ಆಸ್ಥೆಯಿಂದ ಬರೆದ ನೀವು ಕ್ರೂಡಪ್ ಅವರ ಮನೆ ಬಾಗಿಲವರೆಗೆ ಹೋಗಿ ತಿರುಗಿ ಬಂದಿದ್ದೀರಿ. ಆರ್‌ಸಿಎ ಆ ರೆಕಾರ್ಡುಗಳನ್ನು ಮಾರುಕಟ್ಟೆಗೆ ಬಿಟ್ಟಾಗ ಒಂದೊಂದು ಬಗೆಯ ಸಂಗೀತಕ್ಕೆ ಒಂದೊಂದು ಬಣ್ಣ ಇಟ್ಟಿತ್ತು. ಬ್ಲೂಸ್ ಎಂಬ ಕಪ್ಪು ಜನರ ಸಂಗೀತದ ಸಾಲಿನಲ್ಲಿ ಮೊಟ್ಟಮೊದಲ ಸಂಖ್ಯೆಯ ರೆಕಾರ್ಡು ಯಾವುದು ಗೊತ್ತೇ? ಇದೇ ಕ್ರೂಡಪ್ ಹಾಡಿದ ಇದೇ 'ದಟ್ಸ್ ಆಲ್ ರೈಟ್'. ಅದೇ ಆರ್‌ಸಿಎ 1955ರ ನವೆಂಬರಿನಲ್ಲಿ ಫಿಲಿಪ್ಸ್ ಅವರಿಗೆ 35,000 ಡಾಲರ್ ಕೊಟ್ಟು ಎಲ್ವಿಸ್ ಅವರ ಒಪ್ಪಂದವನ್ನು ಕೊಂಡಿತು. ಕ್ರೂಡಪ್ ಹಾಡುವುದನ್ನು ಬಿಟ್ಟು ವರ್ಷಗಟ್ಟಲೆ ಕೂಲಿ ಮಾಡಿದರು. ನ್ಯಾಯವಾಗಿ ಸೇರಬೇಕಿದ್ದ ರಾಯಲ್ಟಿ ಕೈಗೆ ಬರುವ ಮೊದಲೇ 1974ರಲ್ಲಿ ತೀರಿಕೊಂಡರು.

'ಹುಟ್ಟಿತು' ಎನ್ನುವುದಕ್ಕೂ ನನ್ನ ತಕರಾರಿದೆ. ಅದೇ ಕೋಣೆಯಲ್ಲಿ, ಅದೇ ಫಿಲಿಪ್ಸ್ ಎದುರಿಗೆ, 1951ರ ಮಾರ್ಚಿನಲ್ಲಿ ಕಪ್ಪು ಸಂಗೀತಗಾರ ಐಕ್ ಟರ್ನರ್ ಅವರ ತಂಡದವರು 'ರಾಕೆಟ್ 88' ರೆಕಾರ್ಡ್ ಮಾಡಿದರು. ಹಾಡಿದವರು ತಂಡದ ಸ್ಯಾಕ್ಸೊಫೋನ್ ವಾದಕ ಜಾಕಿ ಬ್ರೆನ್‌ಸ್ಟನ್. ಗಿಟಾರ್ ವಿಲ್ಲಿ ಕೈಜಾರ್ಟ್. ಬರುವ ದಾರಿಯಲ್ಲಿ ಕೈಜಾರ್ಟ್ ಅವರ ಆಂಪ್ಲಿಫೈಯರ್ ಕೆಟ್ಟುಹೋಗಿತ್ತು. ಒಳಗೆ ಕಾಗದ ತುರುಕಿ ಹೇಗೋ ನುಡಿಯುವಂತೆ ಮಾಡಿದರು. ಅದರಿಂದ ಹೊರಟ ಒಡಕು ದನಿಯನ್ನು ಫಿಲಿಪ್ಸ್ ತಿದ್ದಲಿಲ್ಲ, ಹಾಗೇ ಉಳಿಸಿಕೊಂಡರು. ಮುಂದೆ ಗಿಟಾರ್ ವಾದಕರು ಬೇಕೆಂದೇ ಹುಡುಕಿಕೊಂಡು ಹೋದ ದನಿ ಅದು. ಇದೂ ಮೊದಲಲ್ಲ. ನ್ಯೂ ಆರ್ಲಿಯನ್ಸ್‌ನ ಪಿಯಾನೊ ವಾದಕ ಫ್ಯಾಟ್ಸ್ ಡಾಮಿನೊ 1949ರಲ್ಲೇ 'ದ ಫ್ಯಾಟ್ ಮ್ಯಾನ್' ರೆಕಾರ್ಡ್ ಮಾಡಿದ್ದರು. ಹುಟ್ಟಿದ ದಿನ ಹುಡುಕಲು ಹೊರಟರೆ ನಿಮಗೆ ಒಬ್ಬ ನಾಯಕ ಸಿಗುತ್ತಾನೆ, ಉಳಿದವರೆಲ್ಲ ಕಾಣೆಯಾಗುತ್ತಾರೆ.

ಇಲ್ಲಿ ನನ್ನ ಕಲಿಕೆಯ ದಿನಗಳ ಮಾತು ಹೇಳಬೇಕು. ನಾನು ಕೆಲಸ ಕಲಿತದ್ದು ಒಂದು ವಾರಪತ್ರಿಕೆಯಲ್ಲಿ. ಅಚ್ಚಿನ ಮೊಳೆ ಜೋಡಿಸುವ ಕಾಲ. ಒಮ್ಮೆ ಕರಾವಳಿಯಿಂದ ಯಕ್ಷಗಾನದ ವರದಿಯೊಂದು ಬಂದಿತ್ತು. ಉದ್ಘಾಟಿಸಿದವರು, ಅಧ್ಯಕ್ಷತೆ ವಹಿಸಿದವರು, ವೇದಿಕೆಯ ಮೇಲೆ ಕೂತವರು, ಮುಖ್ಯ ವೇಷಧಾರಿಗಳು, ಎಲ್ಲರ ಹೆಸರೂ ಅದರಲ್ಲಿತ್ತು. ಕೊನೆಯಲ್ಲಿ "ಹಿಮ್ಮೇಳ ಪೂರಕವಾಗಿತ್ತು" ಎಂಬ ಒಂದು ಸಾಲು. ನಮ್ಮ ಹಿರಿಯ ಸಂಪಾದಕರು ಅದರ ಸುತ್ತ ಕೆಂಪು ಪೆನ್ಸಿಲ್ಲಿನಲ್ಲಿ ಗೆರೆ ಎಳೆದು ನನ್ನನ್ನು ಕರೆದರು. "ಭಾಗವತರು ಯಾರಪ್ಪ? ಚೆಂಡೆ ಯಾರು? ಮದ್ದಳೆ ಯಾರು? ಕೇಳಿ ಬರೆ" ಎಂದರು. ಟ್ರಂಕ್ ಕಾಲ್ ಬುಕ್ ಮಾಡಿ ಸಂಜೆವರೆಗೆ ಕಾದೆ. ಮುದ್ರಣಕ್ಕೆ ಹೋಗಬೇಕಿದ್ದ ಪುಟ ನಿಂತಿತ್ತು, ಪ್ರೆಸ್ಸಿನವರು ಗೊಣಗುತ್ತಿದ್ದರು. ಸಂಪಾದಕರು ಜಗ್ಗಲಿಲ್ಲ. "ರಾತ್ರಿಯಿಡೀ ನುಡಿಸಿದವನಿಗೆ ನಿನ್ನ ಪತ್ರಿಕೆಯಲ್ಲಿ ಎರಡು ಪದದ ಜಾಗ ಇಲ್ಲ ಅಂದ್ರೆ, ಭಾಷಣ ಮಾಡಿದವನಿಗೆ ಒಂದು ಕಾಲಂ ಯಾಕೆ?" ಎಂದು ಕೇಳಿದರು. ಆ ಮೇಜಿನ ಮುಂದೆ ನಿಂತು ಕಲಿತ ಮೇಲೆ ನಿಮ್ಮ ಮುಂದಿನ ಸಾಲನ್ನು ನಾನು ಸುಮ್ಮನೆ ದಾಟಿ ಹೋಗಲಾರೆ.

"ಕಪ್ಪು ಜನರ ನೋವಿನ ಹಾಡುಗಳಿಂದ ಪ್ರೇರಣೆ ಪಡೆದ ಈ ಸಂಗೀತ..." ಇಡೀ ಲೇಖನದಲ್ಲಿ ಕಪ್ಪು ಸಂಗೀತಗಾರರಿಗೆ ನೀವು ಕೊಟ್ಟದ್ದು ಇಷ್ಟೇ. ಹಿಮ್ಮೇಳ ಪೂರಕವಾಗಿತ್ತು ಎಂದ ಹಾಗಾಯಿತು. ಯಾವ ಜನ, ಯಾವ ಊರಿನವರು, ಯಾವ ಹಾಡು?

ಸಿಸ್ಟರ್ ರೊಸೆಟಾ ಥಾರ್ಪ್ ಅವರಿಂದ ಶುರು ಮಾಡಿ. 1915ರಲ್ಲಿ ಅರ್ಕಾನ್ಸಾದಲ್ಲಿ ಹುಟ್ಟಿದವರು. ತಾಯಿಯೂ ಚರ್ಚಿನಲ್ಲಿ ಹಾಡುತ್ತಿದ್ದವರು. ಮಗಳು ಎಲೆಕ್ಟ್ರಿಕ್ ಗಿಟಾರ್ ಹಿಡಿದು ಭಕ್ತಿಗೀತೆಗಳನ್ನು ಹಾಡಿದರು. 1944ರಲ್ಲಿ ಅವರು ರೆಕಾರ್ಡ್ ಮಾಡಿದ 'ಸ್ಟ್ರೇಂಜ್ ಥಿಂಗ್ಸ್ ಹ್ಯಾಪನಿಂಗ್ ಎವ್ರಿ ಡೇ' ಹಾಡನ್ನು ಒಮ್ಮೆ ಕೇಳಿ. ಸಾಹಿತ್ಯ ದೇವರದು, ಲಯ ಕುಣಿತದ್ದು. ಹತ್ತು ವರ್ಷದ ಮೇಲೆ ಜಗತ್ತು ಹೊಸದೆಂದು ಬೆರಗಾದ ಗಿಟಾರ್ ಅಲ್ಲಿ ಆಗಲೇ ನುಡಿಯುತ್ತಿದೆ. 1947ರಲ್ಲಿ ಜಾರ್ಜಿಯಾದ ಮೇಕನ್ ಪಟ್ಟಣಕ್ಕೆ ಕಾರ್ಯಕ್ರಮಕ್ಕೆ ಬಂದಾಗ, ಅವರ ಹಾಡನ್ನೇ ಹಾಡುತ್ತಿದ್ದ ಒಬ್ಬ ಹುಡುಗನ ದನಿ ಕೇಳಿ ವೇದಿಕೆಗೆ ಕರೆದು ಹಾಡಿಸಿದರು, ಕೈಗೆ ದುಡ್ಡನ್ನೂ ಕೊಟ್ಟರು. ಆ ಹುಡುಗನೇ ಲಿಟಲ್ ರಿಚರ್ಡ್. ಸಾಧಕರನ್ನು ಗೌರವಿಸುವ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಸಂಸ್ಥೆ 1986ರ ಮೊದಲ ಪಟ್ಟಿಯಲ್ಲಿ ಎಲ್ವಿಸ್ ಅವರನ್ನೂ ಲಿಟಲ್ ರಿಚರ್ಡ್ ಅವರನ್ನೂ ಸೇರಿಸಿಕೊಂಡಿತು. ಥಾರ್ಪ್ ಅವರ ಸರದಿ ಬಂದದ್ದು 2018ರಲ್ಲಿ. ಅವರು ತೀರಿಕೊಂಡು ಆಗಲೇ 44 ವರ್ಷ ದಾಟಿತ್ತು.

ನೋವು ಎನ್ನುವುದೂ ಅರ್ಧ ಸತ್ಯ. ನೋವು ಇತ್ತು, ಅದನ್ನು ಅಲ್ಲಗಳೆಯುವವರು ಯಾರು? ಆದರೆ ಕಪ್ಪು ಗಾಯಕ ಲೂಯಿ ಜೋರ್ಡನ್ ಅವರ ಹಾಡುಗಳಲ್ಲಿ ನಗು ಇದೆ, ಊಟವಿದೆ, ಶನಿವಾರ ರಾತ್ರಿಯ ಗದ್ದಲವಿದೆ. ಲಿಟಲ್ ರಿಚರ್ಡ್ ಅವರ 'ಟುಟ್ಟಿ ಫ್ರೂಟಿ' ಮೊದಲು ಕ್ಲಬ್ಬುಗಳಲ್ಲಿ ಹಾಡುತ್ತಿದ್ದ ಪೋಲಿ ಹಾಡು. 1955ರ ಸೆಪ್ಟೆಂಬರಿನಲ್ಲಿ ನ್ಯೂ ಆರ್ಲಿಯನ್ಸ್‌ನ ಸ್ಟುಡಿಯೋದಲ್ಲಿ ಡೊರೊತಿ ಲಾಬೋಸ್ಟ್ರಿ ಎಂಬ ಯುವತಿ ರೇಡಿಯೋಗೆ ಒಗ್ಗುವ ಹಾಗೆ ಸಾಲುಗಳನ್ನು ಬದಲಿಸಿಕೊಟ್ಟರು. ಇವರೆಲ್ಲ ತಮ್ಮ ಜನರನ್ನು ನಗಿಸಲು, ಕುಣಿಸಲು, ದುಡ್ಡು ಸಂಪಾದಿಸಲು ಸಂಗೀತ ಕಟ್ಟಿದ ಕಸುಬುದಾರರು. ನೋವಿನ ಪ್ರತಿಮೆಗಳನ್ನಾಗಿ ಮಾಡಿ ಅವರ ಕಸುಬನ್ನು ಕಿತ್ತುಕೊಳ್ಳಬೇಡಿ.

ಮುಂದಿನ ಸಾಲು: "ಪ್ಯಾಟ್ ಬೂನ್ ಮೊದಲಾದವರು ಈ ಹಾಡುಗಳನ್ನು ಎಲ್ಲರಿಗೂ ತಲುಪಿಸಿದರು." ಬೂನ್ ಬಿಳಿಯ ಗಾಯಕ. ಇಲ್ಲಿ ವ್ಯವಹಾರ ಹೇಗೆ ನಡೆಯುತ್ತಿತ್ತು ಎಂದು ನೀವು ಓದುಗರಿಗೆ ಹೇಳಲೇಬೇಕು. ಒಂದು ಹಾಡು ಒಮ್ಮೆ ರೆಕಾರ್ಡಾಗಿ ಹೊರಬಂದರೆ, ಬರೆದವರ ಪಾಲಿನ ನಿಗದಿತ ಹಣ ಕೊಟ್ಟು ಯಾರು ಬೇಕಾದರೂ ಮತ್ತೆ ಹಾಡಬಹುದಿತ್ತು. ಮೊದಲು ಹಾಡಿದವರ ದನಿ, ಧಾಟಿ, ವಾದ್ಯಗಳ ಜೋಡಣೆ, ಯಾವುದಕ್ಕೂ ಬಿಡಿಗಾಸಿಲ್ಲ. ಬಿಳಿಯರ ರೇಡಿಯೋ ಕೇಂದ್ರಗಳು ಕಪ್ಪು ಗಾಯಕರ ರೆಕಾರ್ಡು ಹಾಕಲು ಹಿಂಜರಿಯುತ್ತಿದ್ದವು, ಅದೇ ಹಾಡನ್ನು ಬಿಳಿಯ ಗಾಯಕ ಹಾಡಿದರೆ ಹಾಕುತ್ತಿದ್ದವು. ಹೀಗಾಗಿ 'ಟುಟ್ಟಿ ಫ್ರೂಟಿ' ಪಾಪ್ ಪಟ್ಟಿಯಲ್ಲಿ ಲಿಟಲ್ ರಿಚರ್ಡ್ ಅವರಿಗೆ 17ನೇ ಸ್ಥಾನ ಕೊಟ್ಟಿತು, ಬೂನ್ ಅವರಿಗೆ 12ನೆಯದು. ಮುಂದಿನ ಹಾಡು 'ಲಾಂಗ್ ಟಾಲ್ ಸ್ಯಾಲಿ'ಯನ್ನು ಬೂನ್ ಅವರ ನಾಲಿಗೆ ಹೊರಳದಷ್ಟು ವೇಗಕ್ಕೆ ಏರಿಸಿದ್ದು ಬೇಕೆಂದೇ ಎಂದು ರಿಚರ್ಡ್ ಕಡೆಯವರು ಹೇಳಿಕೊಂಡಿದ್ದಾರೆ. ಬೂನ್ ಅದನ್ನೂ ಹಾಡಿದರು. ಈ ಸಲ ಜನ ರಿಚರ್ಡ್ ಅವರ ರೆಕಾರ್ಡನ್ನೇ ಹೆಚ್ಚು ಕೊಂಡರು. ಬಿಳಿಯರ ಮಕ್ಕಳು ಮೂಲದ ದನಿಯನ್ನು ತಾವೇ ಆರಿಸಿಕೊಂಡ ಗಳಿಗೆ ಅದು. ನಿಮ್ಮ ಲೇಖನದ ಹೃದಯ ಅಲ್ಲಿರಬೇಕಿತ್ತು. ನೀವು 'ತಲುಪಿಸಿದರು' ಎಂದು ದಾಟಿಬಿಟ್ಟಿರಿ.

ಇದನ್ನು ಓದಿ ಮತ್ತೊಂದು ತುದಿಗೆ ಹೋಗಿ, ಎಲ್ವಿಸ್ ಕಳ್ಳ ಎಂದು ಬರೆಯಬೇಡಿ. ಕ್ರೂಡಪ್ ಅವರ ಹೆಸರನ್ನು 1956ರಲ್ಲೇ ಷಾರ್ಲಟ್‌ನಲ್ಲಿ ಪತ್ರಿಕೆಯವರ ಮುಂದೆ ಹೇಳಿದವರು ಸ್ವತಃ ಎಲ್ವಿಸ್. 'ಹೌಂಡ್ ಡಾಗ್' ಹಾಡನ್ನು ಕಪ್ಪು ಗಾಯಕಿ ಬಿಗ್ ಮಾಮಾ ಥಾರ್ನ್‌ಟನ್ 1952ರಲ್ಲಿ ರೆಕಾರ್ಡ್ ಮಾಡಿದರು, ಮರುವರ್ಷ ಅದು ಏಳು ವಾರ ಕಪ್ಪು ಸಂಗೀತದ ರಿದಮ್ ಅಂಡ್ ಬ್ಲೂಸ್ ಪಟ್ಟಿಯ ತುದಿಯಲ್ಲಿತ್ತು. ಆದರೆ ಅದನ್ನು ಬರೆದವರು ಲೀಬರ್ ಮತ್ತು ಸ್ಟಾಲರ್ ಎಂಬ ಇಬ್ಬರು ಯಹೂದಿ ಹುಡುಗರು, ಇಬ್ಬರಿಗೂ ಆಗ 19 ವರ್ಷ. ಎಲ್ವಿಸ್ 1956ರಲ್ಲಿ ಹಾಡಿದ್ದು ಲಾಸ್ ವೇಗಸ್‌ನ ಒಂದು ತಂಡ ಬದಲಿಸಿಕೊಂಡ ರೂಪವನ್ನು. ಈ ಗಂಟನ್ನು ಗಂಟಾಗಿಯೇ ತೋರಿಸಿ.

ನನ್ನನ್ನು ಕಾಡಿದ ಎರಡನೇ ದೋಷ ಈ ಸಾಲಿನಲ್ಲಿದೆ: "ಅವರ ಮಾಂತ್ರಿಕ ಸಂಗೀತ ಕೇಳುಗರನ್ನು ಮಂತ್ರಮುಗ್ಧಗೊಳಿಸಿ ಯುವಹೃದಯಗಳಲ್ಲಿ ಕಿಚ್ಚು ಹಚ್ಚಿತು." ಏನು ಕೇಳಿಸಿತು ಅವರಿಗೆ? ಇಷ್ಟುದ್ದದ ಲೇಖನದಲ್ಲಿ ಒಂದು ವಾದ್ಯವೂ ನುಡಿಯುವುದಿಲ್ಲ. ಮೇಲೆ ಹೇಳಿದ ನಮ್ಮ ಸಂಪಾದಕರು ಸಂಗೀತ ಕಛೇರಿಗಳಿಗೆ ನನ್ನನ್ನು ಕಳಿಸುವಾಗ 'ಮನಸೂರೆಗೊಂಡಿತು', 'ಮಂತ್ರಮುಗ್ಧ', 'ನಾದಲೋಕ' ಈ ಮೂರನ್ನೂ ಬಳಸದೆ ಬರೆದು ತಾ ಎನ್ನುತ್ತಿದ್ದರು. ಬಳಸದೆ ಬರೆಯಲು ಕೂತರೆ, ಕೇಳಿಸಿಕೊಂಡದ್ದನ್ನು ನೆನೆಯದೆ ಬೇರೆ ದಾರಿ ಇರುವುದಿಲ್ಲ. ಆ ಅಭ್ಯಾಸ ನನ್ನ ಕಿವಿಯನ್ನು ತೆರೆಯಿತು. ಆಗ ಕಾಕ್ಸ್ ಟೌನಿನಲ್ಲಿ ನನ್ನ ಬಾಡಿಗೆ ಕೋಣೆಯ ಪಕ್ಕ ವಯಸ್ಸಾದ ಆಂಗ್ಲೋ ಇಂಡಿಯನ್ ದಂಪತಿ ಇದ್ದರು. ಭಾನುವಾರ ಮಧ್ಯಾಹ್ನ ಅವರ ಮನೆಯಲ್ಲಿ ಹಳೆಯ ರೆಕಾರ್ಡುಗಳು ತಿರುಗುತ್ತಿದ್ದವು. ಡಾಮಿನೊ ಅವರ ಎಡಗೈ ಏನು ಮಾಡುತ್ತದೆ, ಬಲಗೈ ಏನು ಮಾಡುತ್ತದೆ ಎಂದು ಬೇರೆ ಬೇರೆಯಾಗಿ ಕೇಳುವುದನ್ನು ನಾನು ಆ ಗೋಡೆಯ ಈಚೆ ಕಡೆ ಕೂತು ಕಲಿತೆ.

ನೀವೂ ಕೇಳಿ. 'ದಟ್ಸ್ ಆಲ್ ರೈಟ್' ರೆಕಾರ್ಡಿನಲ್ಲಿ ಡ್ರಮ್ಸ್ ಇಲ್ಲವೇ ಇಲ್ಲ. ಬಿಲ್ ಬ್ಲ್ಯಾಕ್ ತಮ್ಮ ದೊಡ್ಡ ಬೇಸ್ ವಾದ್ಯದ ತಂತಿಯನ್ನು ಎಳೆದು ಬಿಡುತ್ತಾರೆ, ಅದು ಮರಕ್ಕೆ ಬಡಿದು ಟಪ್ ಎನ್ನುತ್ತದೆ. ಆ ಬಡಿತವೇ ಲಯ. ಅದರ ಮೇಲೆ ಸ್ಕಾಟಿ ಮೂರ್ ಅವರ ಗಿಟಾರ್ ಹಾಡಿನ ಸಾಲುಗಳ ನಡುವಿನ ಸಂದುಗಳಲ್ಲಿ ನುಸುಳಿ ಬರುತ್ತದೆ. ಆಮೇಲೆ 'ಟುಟ್ಟಿ ಫ್ರೂಟಿ' ಹಾಕಿ. ನ್ಯೂ ಆರ್ಲಿಯನ್ಸ್‌ನ ಡ್ರಮ್ಮರುಗಳಿಗೆ ರೂಢಿಯಲ್ಲಿದ್ದದ್ದು ಷಫಲ್ ಎಂಬ ಓಲಾಡುವ ನಡೆ. ರಿಚರ್ಡ್ ಅವರ ಬಲಗೈ ಪಿಯಾನೊ ಮೇಲೆ ಓಲಾಟವಿಲ್ಲದೆ ನೇರ ಎಂಟು ಪೆಟ್ಟು ಕುಟ್ಟುತ್ತಿತ್ತು. ಡ್ರಮ್ಮರ್ ಅರ್ಲ್ ಪಾಮರ್ ಆ ಬಲಗೈಯ ಹಿಂದೆ ಹೋದರು, ಎರಡನೇ ಮತ್ತು ನಾಲ್ಕನೇ ಎಣಿಕೆಗೆ ಒತ್ತು ಕೊಟ್ಟರು. ಇವತ್ತು ಯಾವುದೇ ರಾಕ್ ಹಾಡಿಗೆ ಜನ ಚಪ್ಪಾಳೆ ತಟ್ಟುವುದು ಆ ಎಣಿಕೆಗಳಿಗೇ. ಕಪ್ಪು ಗಿಟಾರ್ ವಾದಕ ಚಕ್ ಬೆರಿ ಅವರ 'ಜಾನಿ ಬಿ ಗುಡ್' ಶುರುವಾಗುವ ಗಿಟಾರ್ ತುಣುಕು, ಲೂಯಿ ಜೋರ್ಡನ್ ಅವರ 1946ರ ಒಂದು ಹಾಡಿನಲ್ಲಿ ಕಾರ್ಲ್ ಹೋಗನ್ ನುಡಿಸಿದ್ದು. ಆ 'ಜಾನಿ ಬಿ ಗುಡ್' 1977ರಲ್ಲಿ ವಾಯೇಜರ್ ಬಾಹ್ಯಾಕಾಶ ನೌಕೆಯ ಚಿನ್ನದ ಲೇಪದ ರೆಕಾರ್ಡು ಸೇರಿ, ಕೇಸರ್‌ಬಾಯಿ ಕೇರ್ಕರ್ ಎಂಬ ಹಿಂದೂಸ್ತಾನಿ ಗಾಯಕಿಯ ಭೈರವಿಯ ಜೊತೆ ಆಕಾಶಕ್ಕೆ ಹೋಯಿತು. ಹೋಗನ್ ಅವರ ಹೆಸರು ಎಷ್ಟು ಜನರಿಗೆ ಗೊತ್ತು?

"ಜನಾಂಗಗಳ ನಡುವಿನ ಗೋಡೆಗಳು ಉರುಳಿದವು" ಎಂಬ ಸಾಲನ್ನು ಹೊಡೆದು ಹಾಕಿದ್ದೇನೆ. ದಕ್ಷಿಣದ ರಾಜ್ಯಗಳ ಸಭಾಂಗಣಗಳಲ್ಲಿ ನಡುವೆ ಹಗ್ಗ ಕಟ್ಟಿ ಬಿಳಿಯರನ್ನು ಒಂದು ಕಡೆ, ಕಪ್ಪು ಜನರನ್ನು ಇನ್ನೊಂದು ಕಡೆ ನಿಲ್ಲಿಸುತ್ತಿದ್ದರು. 1956ರ ಏಪ್ರಿಲಿನಲ್ಲಿ ಅಲಬಾಮಾದ ಬರ್ಮಿಂಗ್‌ಹ್ಯಾಮಿನಲ್ಲಿ ಕಪ್ಪು ಗಾಯಕ ನ್ಯಾಟ್ ಕಿಂಗ್ ಕೋಲ್ ಹಾಡುತ್ತಿದ್ದಾಗಲೇ ವೇದಿಕೆ ಹತ್ತಿ ಅವರ ಮೇಲೆ ಬಿದ್ದವರು, ರಾಕ್ ಅಂಡ್ ರೋಲ್ ವಿರುದ್ಧ ಪ್ರಚಾರ ಮಾಡುತ್ತಿದ್ದ ಬಿಳಿಯರ ಸಂಘಟನೆಯವರು. ಕೋಲ್ ಆ ಸಂಗೀತ ಹಾಡುವವರೇ ಅಲ್ಲ. ದ್ವೇಷಕ್ಕೆ ಆ ವ್ಯತ್ಯಾಸ ಬೇಕಿರಲಿಲ್ಲ. ಗೋಡೆ ಅಲುಗಿದ್ದು ನಿಜ. ಎಲ್ಲಿ, ಯಾವ ಊರಿನಲ್ಲಿ, ಎಷ್ಟು ಅಲುಗಿತು ಎಂದು ತೋರಿಸಿ. ಹಾಗೆಯೇ, ಎಡ್ ಸಲಿವನ್ ಅವರ ಟಿವಿ ಕಾರ್ಯಕ್ರಮದಲ್ಲಿ ಎಲ್ವಿಸ್ ಅವರನ್ನು ಸೊಂಟದಿಂದ ಮೇಲಕ್ಕೆ ಮಾತ್ರ ತೋರಿಸಿದ್ದು ಮೊದಲ ಸಲವಲ್ಲ. ಅದು ಮೂರನೇ ಸಲ, 1957ರ ಜನವರಿಯಲ್ಲಿ. ತಿದ್ದಿಕೊಳ್ಳಿ.

ಕೊನೆಯಲ್ಲಿ ಬೆಂಗಳೂರು ಅರಮನೆ ಮೈದಾನದ ಕಾರ್ಯಕ್ರಮಗಳ ಬಗ್ಗೆ ಬರೆದಿದ್ದೀರಿ. ಅದು ಬೇರೆಯೇ ಲೇಖನ, ಇದರಿಂದ ತೆಗೆದಿಡಿ. ಉಳಿದದ್ದನ್ನು ಮೇಕನ್‌ನ ಆ ಸಂಜೆಯಿಂದ ಶುರು ಮಾಡಿ ಮತ್ತೆ ಬರೆಯಿರಿ. ಎರಡು ಸಾವಿರ ಪದಗಳವರೆಗೂ ಜಾಗ ಕೊಡುತ್ತೇನೆ. ನೀವು ಕಳಿಸಿದ ಎಲ್ವಿಸ್ ಚಿತ್ರ ಬೇಡ, ಎಲ್ಲರೂ ನೋಡಿರುವಂಥದ್ದು. ಥಾರ್ಪ್ ಗಿಟಾರ್ ಹಿಡಿದು ನಿಂತ ಚಿತ್ರವೊಂದನ್ನು ಹಕ್ಕು ಯಾರದೆಂದು ವಿಚಾರಿಸಿಕೊಂಡು ಕಳಿಸಿ. ತಿಂಗಳ 20ರೊಳಗೆ ಕೈಸೇರಿದರೆ ಮುಂದಿನ ಸಂಚಿಕೆಗೇ ತೆಗೆದುಕೊಳ್ಳುತ್ತೇನೆ.

ವಿಶ್ವಾಸದಿಂದ,
ಸಂಪಾದಕ