ಫೋನ್ ಪುಕ್ಕಟೆ, ಬೀಗದ ಕೈ ಯಾರದು?

ಓದುಗರ ಪ್ರಶ್ನೆಗಳಿಗೆ ಉತ್ತರ. ಈ ಸಲದ ವಿಷಯ: ಇಂಟರ್ನೆಟ್ ಫೋನ್ ಉಪಕರಣಗಳ ಮಾರುಕಟ್ಟೆ.

ಪ್ರಶ್ನೆ: ಮೂರು ವರ್ಷದ ಒಪ್ಪಂದಕ್ಕೆ ಸಹಿ ಹಾಕಿದರೆ ಮೂವತ್ತು ಐಪಿ ಫೋನ್‌ಗಳನ್ನು ಪುಕ್ಕಟೆ ಕೊಡುವುದಾಗಿ ಒಂದು ಸೇವಾ ಕಂಪನಿ ಹೇಳುತ್ತಿದೆ. ಅದೇ ಮಾದರಿಯನ್ನು ಇನ್ನೊಬ್ಬರು ಪೂರ್ತಿ ಬೆಲೆಗೆ ಮಾರುತ್ತಿದ್ದಾರೆ. ಪುಕ್ಕಟೆ ಸಿಗುವುದನ್ನು ಬಿಡುವುದೇಕೆ?

ಉತ್ತರ: ಫೋನ್ ಇರುವುದು ನಿಮ್ಮ ಮೇಜಿನ ಮೇಲೆ, ಅದರ ಅಡ್ಮಿನ್ ಪಾಸ್‌ವರ್ಡ್ ಇರುವುದು ಅವರ ಕೈಯಲ್ಲಿ. ಇದು ಈ ಉದ್ಯಮದ ಹಳೆಯ ವರಸೆ. ಎರಡು ದಶಕದ ಹಿಂದೆ ವೋನೇಜ್ ಎಂಬ ಇಂಟರ್ನೆಟ್ ಫೋನ್ ಸೇವೆಯ ಗ್ರಾಹಕರಿಗೆ ಸಿಗುತ್ತಿದ್ದ, ಮಾಮೂಲಿ ಫೋನನ್ನು ಇಂಟರ್ನೆಟ್‌ಗೆ ಜೋಡಿಸುವ ಲಿಂಕ್‌ಸಿಸ್ ಪಿಎಪಿ2 ಅಡಾಪ್ಟರ್ ಆ ಸೇವೆಗೆ ಮಾತ್ರ ಬೀಗ ಹಾಕಿಕೊಂಡೇ ಬರುತ್ತಿತ್ತು. ಬೀಗವಿಲ್ಲದ್ದನ್ನು ಪಿಎಪಿ2-ಎನ್‌ಎ ಎಂಬ ಹೆಸರಿನಲ್ಲಿ ಬೇರೆಯಾಗಿ ಮಾರುತ್ತಿದ್ದರು.

ಈಗಿನ ಬೀಗ ಕಣ್ಣಿಗೆ ಕಾಣುವುದಿಲ್ಲ. ಹೊಸ ಫೋನ್ ಆನ್ ಆದ ಕೂಡಲೇ ತನ್ನ ಮ್ಯಾಕ್ ವಿಳಾಸ (ಪ್ರತಿ ಉಪಕರಣಕ್ಕೂ ಇರುವ ಪ್ರತ್ಯೇಕ ಗುರುತು ಸಂಖ್ಯೆ) ಹೇಳಿಕೊಂಡು ತಯಾರಕರ ಸರ್ವರ್‌ನ ಬಾಗಿಲು ತಟ್ಟುತ್ತದೆ. ಆ ಸರ್ವರ್ ಅದನ್ನು ಸೇವಾ ಕಂಪನಿಯ ಸರ್ವರ್‌ಗೆ ಅಟ್ಟುತ್ತದೆ. ಫ್ಯಾಕ್ಟರಿ ರೀಸೆಟ್ ಮಾಡಿದರೂ ಅದು ಮತ್ತೆ ಹೋಗುವುದು ಅಲ್ಲಿಗೇ. ಹಾಗಾಗಿ ಒಪ್ಪಂದದಲ್ಲಿ ಎರಡು ಸಾಲು ಬರೆಸಿಕೊಳ್ಳಿ: ಅವಧಿ ಮುಗಿದ ಮೇಲೆ ಎಲ್ಲ ಮ್ಯಾಕ್ ವಿಳಾಸಗಳನ್ನು ತಯಾರಕರ ಆ ಸರ್ವರ್‌ನ ಪಟ್ಟಿಯಿಂದ ಬಿಡಿಸಿಕೊಡಬೇಕು, ಅಡ್ಮಿನ್ ಪಾಸ್‌ವರ್ಡ್ ನಿಮಗೆ ಒಪ್ಪಿಸಬೇಕು. ಇವೆರಡಕ್ಕೆ ಒಪ್ಪಿದರೆ ಪುಕ್ಕಟೆ ಫೋನ್ ತೆಗೆದುಕೊಳ್ಳುವುದರಲ್ಲಿ ತಪ್ಪೇನಿಲ್ಲ.

ಕೊಳ್ಳುವುದೇ ಆದರೆ ಎರಡು ಸ್ಯಾಂಪಲ್ ತರಿಸಿ, ರೀಸೆಟ್ ಮಾಡಿ, ಆಸ್ಟರಿಸ್ಕ್‌ನಂಥ ಮುಕ್ತ ತಂತ್ರಾಂಶದ ಪಿಬಿಎಕ್ಸ್‌ಗೆ (ಕಚೇರಿಯ ಕರೆಗಳನ್ನು ಜೋಡಿಸುವ ವ್ಯವಸ್ಥೆ) ರಿಜಿಸ್ಟರ್ ಮಾಡಿ ನೋಡಿ. ಎರಡೂ ಕಡೆಯಿಂದ ಕರೆ ಮಾಡಿ, ಹೋಲ್ಡ್ ಹಾಕಿ, ಟ್ರಾನ್ಸ್‌ಫರ್ ಮಾಡಿ. ಒಂದು ಕರೆಯನ್ನಾದರೂ ಅರ್ಧ ಗಂಟೆ ದಾಟಿಸಿ. ಕರೆ ಇನ್ನೂ ಜೀವಂತವಿದೆಯೇ ಎಂದು ನೋಡುವ ಸೆಷನ್ ಟೈಮರ್ ಸಾಮಾನ್ಯವಾಗಿ 1800 ಸೆಕೆಂಡಿಗೆ ಇರುತ್ತದೆ, ಅದರ ನವೀಕರಣ ಅರ್ಧದಲ್ಲಿ ನಡೆಯುತ್ತದೆ. ಹೊಂದಾಣಿಕೆ ಇಲ್ಲದಿದ್ದರೆ 15ನೇ ಅಥವಾ 30ನೇ ನಿಮಿಷಕ್ಕೆ ಕರೆ ಕತ್ತರಿಸುತ್ತದೆ. ಎರಡು ನಿಮಿಷದ ಡೆಮೋದಲ್ಲಿ ಇದು ಗೊತ್ತಾಗುವುದೇ ಇಲ್ಲ.

ಪ್ರಶ್ನೆ: ಈಗಿರುವ ಫೋನ್‌ಗಳಲ್ಲಿ ಕರೆ ಅರ್ಧ ನಿಮಿಷಕ್ಕೇ ಕಟ್ ಆಗುತ್ತದೆ. ಬ್ರ್ಯಾಂಡ್ ಬದಲಿಸಿ ಎನ್ನುತ್ತಾರೆ ಹೊಸ ಮಾರಾಟಗಾರರು.

ಉತ್ತರ: ಗಡಿಯಾರ ಹಿಡಿದು ನೋಡಿ. ಪ್ರತಿ ಸಲವೂ 32 ಸೆಕೆಂಡಿನ ಆಸುಪಾಸಿನಲ್ಲೇ ಕಟ್ ಆಗುತ್ತಿದ್ದರೆ ಫೋನಿನ ತಪ್ಪು ಇರುವುದು ಅಪರೂಪ. ಕರೆ ಎತ್ತಿದ ಬಳಿಕ ಬರಬೇಕಾದ ದೃಢೀಕರಣ ಸಂದೇಶ ತಲುಪುತ್ತಿಲ್ಲ, ಸಿಪ್ (ಇಂಟರ್ನೆಟ್ ಕರೆ ಜೋಡಿಸುವ ಪದ್ಧತಿ) ನಿಯಮದಂತೆ 32 ಸೆಕೆಂಡ್ ಕಾದು ಕರೆ ಬಿದ್ದುಹೋಗುತ್ತಿದೆ ಎಂದರ್ಥ. ಮೊದಲು ರೌಟರ್‌ನಲ್ಲಿ ಸಿಪ್ ಎಎಲ್‌ಜಿ (ಕರೆ ಸಂದೇಶಗಳನ್ನು ದಾರಿಯಲ್ಲಿ ತಿದ್ದುವ ಸೌಲಭ್ಯ) ಆಫ್ ಮಾಡಿ, ರೌಟರ್ ಮತ್ತು ಫೋನ್ ಎರಡನ್ನೂ ರೀಸ್ಟಾರ್ಟ್ ಮಾಡಿ. ಒಂದೇ ಕಡೆ ದನಿ ಕೇಳಿಸುವ ತೊಂದರೆಯ ಮೂಲವೂ ಬಹಳ ಸಲ ಇದೇ. ಪ್ರತಿಸ್ಪರ್ಧಿಯ ಪೆಟ್ಟಿಗೆಯನ್ನು ದೂರುವುದು ಮಾರಾಟಗಾರನಿಗೆ ಸುಲಭ. ಬ್ರ್ಯಾಂಡ್ ಬದಲಿಸಿದರೂ ರೌಟರ್ ಅದೇ ಇರುತ್ತದಲ್ಲ.

ಪ್ರಶ್ನೆ: ಐಪಿ ಪಿಬಿಎಕ್ಸ್ ಒಂದರ ಬ್ರೋಷರ್‌ನಲ್ಲಿ "500 ಬಳಕೆದಾರರು" ಎಂದಿದೆ. ನಮ್ಮಲ್ಲಿರುವುದು ನಲವತ್ತೇ ಮಂದಿ. ಇಷ್ಟು ದೊಡ್ಡದು ಬೇಕೆ?

ಉತ್ತರ: ಆ ಸಂಖ್ಯೆ ಎಷ್ಟು ಎಕ್ಸ್‌ಟೆನ್ಷನ್‌ಗಳನ್ನು ನೋಂದಾಯಿಸಬಹುದು ಎಂಬುದರದು. ನೀವು ಹುಡುಕಬೇಕಾದ್ದು ಏಕಕಾಲಕ್ಕೆ ಎಷ್ಟು ಕರೆಗಳು ಎಂಬ ಸಾಲು. ಅದು ಬಹುತೇಕ ಇದಕ್ಕಿಂತ ತೀರಾ ಕಡಿಮೆ ಇರುತ್ತದೆ, ಮುದ್ರಣವೂ ಸಣ್ಣದು. ಅದನ್ನೂ ಹಗುರವಾದ ಸ್ಥಿತಿಯಲ್ಲಿ ಅಳೆದಿರುತ್ತಾರೆ. ಕರೆ ರೆಕಾರ್ಡಿಂಗ್, ಎನ್‌ಕ್ರಿಪ್ಷನ್, ಒಂದು ಕೋಡೆಕ್‌ನಿಂದ (ದನಿಯನ್ನು ಡಿಜಿಟಲ್ ಮಾಡುವ ವಿಧಾನ) ಇನ್ನೊಂದಕ್ಕೆ ಪರಿವರ್ತನೆ, ಈ ಮೂರೂ ಚಾಲೂ ಇದ್ದಾಗ ಎಷ್ಟು ಎಂದು ಲಿಖಿತವಾಗಿ ಕೇಳಿ.

ನಿಮ್ಮ ಲೆಕ್ಕ ಹೀಗೆ. ಅತಿ ಗಡಿಬಿಡಿಯ ಒಂದು ಗಂಟೆಯಲ್ಲಿ ತಲಾ 5 ನಿಮಿಷ ಹೊರಗಿನವರ ಜೊತೆ ಮಾತಾಡಿದರೆ 40 ಜನಕ್ಕೆ 200 ನಿಮಿಷ. ಅರವತ್ತರಿಂದ ಭಾಗಿಸಿದರೆ 3.33 ಎರ್ಲಾಂಗ್, ಅಂದರೆ ಸರಾಸರಿ ಏಕಕಾಲಕ್ಕೆ ಅಷ್ಟು ಕರೆ. ಎರ್ಲಾಂಗ್-ಬಿ ಸೂತ್ರದಂತೆ 8 ಚಾನೆಲ್ (ಹೊರಗಿನ ಒಂದೊಂದು ಕರೆಗೆ ಬೇಕಾದ ದಾರಿ) ಇದ್ದರೆ ನೂರರಲ್ಲಿ ಸುಮಾರು 1.4 ಕರೆ ಸಿಗದೆ ಹೋಗುತ್ತದೆ, 9 ಇದ್ದರೆ ಸುಮಾರು 0.5 ಮಾತ್ರ. ಒಳಗೊಳಗಿನ ಕರೆಗಳಿಗೆ ಇನ್ನಷ್ಟು ಸೇರಿಸಿ. ಇಪ್ಪತ್ತು ಏಕಕಾಲದ ಕರೆ ನಿಭಾಯಿಸುವ ಪೆಟ್ಟಿಗೆ ನಿಮಗೆ ಧಾರಾಳವಾಯಿತು. ಬ್ಯಾಂಡ್‌ವಿಡ್ತ್‌ನಲ್ಲೂ ಇದೇ ಚಮತ್ಕಾರ: ಜಿ.711 ಕೋಡೆಕ್ "64 ಕಿಲೋಬಿಟ್" ಎಂದು ಬರೆದಿರುತ್ತಾರೆ, ಆದರೆ 20 ಮಿಲಿಸೆಕೆಂಡ್ ಪ್ಯಾಕೆಟ್‌ಗಳ ಹೆಡರ್ ಸೇರಿದರೆ ಈಥರ್ನೆಟ್‌ನಲ್ಲಿ ಒಂದೊಂದು ದಿಕ್ಕಿಗೂ ಸುಮಾರು 87 ಆಗುತ್ತದೆ. ಹೊರಗಿನ ಒಂಬತ್ತು ಕರೆಗೆ ಅಪ್‌ಲೋಡ್‌ನಲ್ಲಿ ಹತ್ತಿರ ಹತ್ತಿರ 800 ಕಿಲೋಬಿಟ್ ಸದಾ ಖಾಲಿ ಇರಬೇಕು.

ಪ್ರಶ್ನೆ: "ಎಚ್‌ಡಿ ವಾಯ್ಸ್" ಎಂಬುದಕ್ಕೆ ಹೆಚ್ಚು ಹಣ ಕೊಡಬಹುದೆ?

ಉತ್ತರ: ಎರಡೂ ತುದಿಯ ಫೋನ್‌ಗಳಲ್ಲಿ ಜಿ.722 ಅಥವಾ ಓಪಸ್ ಕೋಡೆಕ್ ಇದ್ದು, ನಡುವಿನ ದಾರಿಯೂ ಅದನ್ನು ಬಿಟ್ಟುಕೊಟ್ಟರೆ ಮಾತ್ರ ಆ ದನಿ ಸಿಗುತ್ತದೆ. ಹಳೆಯ ಫೋನ್ ಜಾಲ ಹಾದು ಹೋದ ಕರೆ ಮಾಮೂಲಿ ದನಿಗೇ ಇಳಿಯುತ್ತದೆ. ಈಗ ಅಗ್ಗದ ಫೋನ್‌ಗಳಲ್ಲೂ ಜಿ.722 ಇರುವುದರಿಂದ ಅದಕ್ಕೆಂದೇ ಹೆಚ್ಚು ಕೊಡಬೇಕಿಲ್ಲ.

ಪ್ರಶ್ನೆ: ಒಂದೇ ಮಾದರಿಗೆ ಮೂವರು ಡೀಲರ್‌ಗಳಿಂದ ದರ ಕೇಳಿದೆವು. ಮೊದಲಿನವರದೇ ಕಡಿಮೆ, ಉಳಿದವರು ಇಳಿಸುವುದೇ ಇಲ್ಲ. ಒಳಒಪ್ಪಂದವೆ?

ಉತ್ತರ: ಇರಬೇಕೆಂದಿಲ್ಲ. ಅನೇಕ ತಯಾರಕರಲ್ಲಿ ಡೀಲ್ ರಿಜಿಸ್ಟ್ರೇಷನ್ ಪದ್ಧತಿ ಇದೆ. ನಿಮ್ಮ ಹೆಸರನ್ನು ಮೊದಲು ದಾಖಲಿಸಿದ ಡೀಲರ್‌ಗೆ ಹೆಚ್ಚುವರಿ ರಿಯಾಯಿತಿ. ಆಮೇಲೆ ಬಂದವರಿಗೆ ಅದೇ ಸರಕು ದುಬಾರಿಗೆ ಬೀಳುತ್ತದೆ. ಹಾಗಾಗಿ ಪೈಪೋಟಿ ಬೇಕಿದ್ದರೆ ಒಂದೇ ಬ್ರ್ಯಾಂಡ್‌ನ ಮೂವರನ್ನು ಬಿಟ್ಟು ಮೂರು ಬ್ರ್ಯಾಂಡ್‌ಗಳನ್ನು ಎದುರುಬದುರು ನಿಲ್ಲಿಸಿ. ದರಪಟ್ಟಿಯಲ್ಲಿ ಪವರ್ ಅಡಾಪ್ಟರ್ ಸೇರಿದೆಯೇ ನೋಡಿ. ನೆಟ್‌ವರ್ಕ್ ತಂತಿಯಲ್ಲೇ ವಿದ್ಯುತ್ ಕೊಡುವ ಪಿಒಇ ಸ್ವಿಚ್ ಇರುತ್ತದೆಂದು ಎಣಿಸಿ ಅಡಾಪ್ಟರನ್ನು ಪೆಟ್ಟಿಗೆಯಲ್ಲಿ ಇಡದ ತಯಾರಕರು ಬಹಳ.

ಪ್ರಶ್ನೆ: ನಾವು ಸಣ್ಣ ತಯಾರಕರು. ದೊಡ್ಡವರ ಎದುರು ಬೆಲೆ ಇಳಿಸುವುದು ಬಿಟ್ಟು ಬೇರೆ ದಾರಿ ಇದೆಯೆ?

ಉತ್ತರ: ಬೆಲೆಯ ಓಟದಲ್ಲಿ ನೀವು ಗೆಲ್ಲುವುದು ಕಷ್ಟ. ಆದರೆ ದೊಡ್ಡವರು ಅಲ್ಲಾಡುತ್ತಿದ್ದಾರೆ: ನಾರ್ಟೆಲ್ 2009ರಲ್ಲಿ ದಿವಾಳಿಯಾಯಿತು, ಅದರ ಉದ್ಯಮ ವಿಭಾಗ ಕೊಂಡ ಅವಾಯಾ 2017ರಲ್ಲೂ 2023ರಲ್ಲೂ ದಿವಾಳಿ ರಕ್ಷಣೆ ಕೇಳಿತು. ಪಾಲಿಕಾಮ್ 2018ರಲ್ಲಿ ಪ್ಲಾಂಟ್ರಾನಿಕ್ಸ್‌ಗೆ, 2022ರಲ್ಲಿ ಎಚ್‌ಪಿಗೆ ಸೇರಿತು. ಇಂಥ ಪ್ರತಿ ಕೈಬದಲಿನಲ್ಲೂ ಗ್ರಾಹಕ ಕೇಳುವುದು, ನನ್ನ ಫೋನ್‌ಗೆ ಫರ್ಮ್‌ವೇರ್ (ಫೋನಿನೊಳಗಿನ ತಂತ್ರಾಂಶ) ಎಷ್ಟು ವರ್ಷ ಬರುತ್ತದೆ ಎಂದು. ಮಾರಾಟ ನಿಂತ ದಿನದಿಂದ ಇಷ್ಟು ವರ್ಷ ಎಂದು ಪ್ರತಿ ಮಾದರಿಗೂ ಬರೆದುಕೊಡಿ. ಯಾವ ಪಿಬಿಎಕ್ಸ್‌ನ ಯಾವ ಆವೃತ್ತಿಯೊಂದಿಗೆ ಪರೀಕ್ಷಿಸಿದ್ದೀರಿ, ಏನು ಕೆಲಸ ಮಾಡಲಿಲ್ಲ, ಎರಡನ್ನೂ ಪ್ರಕಟಿಸಿ. ಕೆಲಸ ಮಾಡದ್ದನ್ನು ಒಪ್ಪಿಕೊಂಡ ಪಟ್ಟಿಯನ್ನು ಇನ್‌ಸ್ಟಾಲರ್‌ಗಳು ನಂಬುತ್ತಾರೆ, ಫೋನ್ ಶಿಫಾರಸು ಮಾಡುವವರೂ ಅವರೇ. ಡೆಮೋ ಫೋನ್ ಕಳಿಸುವಾಗ ಒಂದರ ಬದಲು ಎರಡು ಕಳಿಸಿ. ಒಂದೇ ಫೋನಿನಲ್ಲಿ ಟ್ರಾನ್ಸ್‌ಫರ್ ಆಗಲಿ, ಇಂಟರ್‌ಕಾಮ್ ಆಗಲಿ ನೋಡಲಾಗದು.