ಕೋಡಿಂಗ್ ಬರದೆ ಎಐ ಮೇಲೆ ಪಿಎಚ್‌ಡಿ?
ದಾವಣಗೆರೆಯಲ್ಲಿ ಸಮಾಜಶಾಸ್ತ್ರ ಎಂಎ ಮುಗಿಸಿದ್ದೀನಿ, ಕೋಡಿಂಗ್ ಬರಲ್ಲ, ಎಐ ಮೇಲೆ ಪಿಎಚ್‌ಡಿ ಮಾಡಬಹುದಾ ಅಂತ ಕೇಳಿದ್ದೀರಿ. ಧಾರಾಳವಾಗಿ ಮಾಡಿ.

ಪ್ಯಾರಿಸ್‌ನಲ್ಲಿ ಪಾಠ ಮಾಡುವ ಸಮಾಜಶಾಸ್ತ್ರಜ್ಞ ಆಂಟೋನಿಯೊ ಕಸಿಲ್ಲಿ ಅವರ ಕೆಲಸ ನೋಡಿ. ಎಐಗೆ ಕಲಿಸೋಕೆ ಅಂತ ಮನೆಯಲ್ಲೇ ಕೂತು ಫೋಟೊಗಳಿಗೆ ಹೆಸರು ಹಚ್ಚುತ್ತಾ ಚಿಲ್ಲರೆ ಕಾಸು ಪಡೆಯುವವರನ್ನು ಅವರ ತಂಡ ಮಡಗಾಸ್ಕರ್, ವೆನೆಜುವೆಲಾದಂಥ ದೇಶಗಳಲ್ಲಿ ಹುಡುಕಿ ಅಧ್ಯಯನ ಮಾಡಿದೆ. ಅಲ್ಲಿ ಬೇಕಾಗಿದ್ದು ಕೋಡಿಂಗ್ ಅಲ್ಲ, ಜನರನ್ನು ಮಾತಾಡಿಸುವ ತಾಳ್ಮೆ.

ಅಷ್ಟು ದೂರ ಯಾಕೆ, ನಿಮ್ಮ ಓಣಿಯ ಅಂಗನವಾಡಿಗೇ ಹೋಗಿ. 2025ರ ಜುಲೈಯಿಂದ ಗರ್ಭಿಣಿ, ಬಾಣಂತಿಯರ ಮನೆಗೆ ಕೊಡುವ ಆಹಾರಕ್ಕೆ ಕೇಂದ್ರ ಸರ್ಕಾರದ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಮುಖ ತೋರಿಸಬೇಕು; ಆ ಮುಖ ಅವರದೇನಾ ಅಂತ ಗುರುತು ಹಿಡಿಯೋದು ಎಐ. ನಮ್ಮ ಅತ್ತಿಗೆ ಜೊತೆ ನಾನೂ ಹೋಗಿದ್ದೆ. ಟೀಚರ್ ಪಾಪ, ಮೊಬೈಲ್ ಹಿಡಿದು ಒಳಗೆ ಒಂದ್ಸಲ, ಬಾಗಿಲ ಹತ್ರ ಒಂದ್ಸಲ, ಕೊನೆಗೆ ಬಿಸಿಲಿಗೇ ನಿಲ್ಲಿಸಿ 'ಸೆರಗು ಸರಿಸಮ್ಮ, ಕಣ್ಣು ಮಿಟುಕಿಸು' ಅಂತ ನಾಲ್ಕು ಸಲ ಹೇಳಿದರು. ಕಂಕುಳಲ್ಲಿ ಕೂಸು ಬೇರೆ ಅಳ್ತಿತ್ತು. ಮುಖ ಹೊಂದದಿದ್ದರೆ ಬೈಸಿಕೊಳ್ಳೋದು ಯಾರು? ಆ್ಯಪ್ ಮಾಡಿದವರಂತೂ ಅಲ್ಲ. ಇದೇ ನಿಮ್ಮ ಪ್ರಶ್ನೆ ಆಗಬಹುದು, ಅಲ್ವಾ?

ಗೈಡ್ ಸುಮ್ನೆ 'ಎಐ ಮತ್ತು ಸಮಾಜ' ಅಂತ ಅಗಲವಾದ ಹೆಸರಿಡಿ ಅಂದರೆ ಒಪ್ಪಬೇಡಿ. ಹತ್ತು ಅಂಗನವಾಡಿ ಸಾಕು.