ಶಕ್ತಿ ಬಂತು, ಹೊಣೆ ಎಲ್ಲಿಂದ ಬರಬೇಕು?

ಪ್ರಶ್ನೆ: ನನ್ನ ಕಾದಂಬರಿಯ ನಾಯಕನಿಗೆ ಮುಟ್ಟಿ ಕಾಯಿಲೆ ವಾಸಿಮಾಡುವ ಶಕ್ತಿ ಬರುತ್ತದೆ. ಅವನ ಹೊಣೆಗಾರಿಕೆ ತೋರಿಸಲು ಹೋದರೆ ಅಧ್ಯಾಯವೆಲ್ಲ ಭಾಷಣವಾಗುತ್ತದೆ. ಏನು ಮಾಡಲಿ?

ಉತ್ತರ: ಬುದ್ಧಿ ಹೇಳುವ ಪಾತ್ರವಿದ್ದರೆ ಮೊದಲು ಅದನ್ನು ಸುಮ್ಮನಾಗಿಸಿ. ಸ್ಟ್ಯಾನ್ ಲೀ ಬರೆದು ಸ್ಟೀವ್ ಡಿಟ್ಕೊ ಚಿತ್ರಿಸಿದ ಸ್ಪೈಡರ್‌ಮ್ಯಾನ್‌ನ ಮೊದಲ ಕಾಮಿಕ್ಸ್ ಕಥೆ (1962) ಬರೀ 11 ಪುಟ. ಶಕ್ತಿ ಬಂದ ನಾಯಕ ಪೀಟರ್ ಲೋಕೋದ್ಧಾರಕ್ಕೆ ಹೊರಡುವುದಿಲ್ಲ. ಕುಸ್ತಿಪಟುವಿನೆದುರು ಮೂರು ನಿಮಿಷ ನಿಂತು 100 ಡಾಲರ್ ಗೆಲ್ಲಲು ಹೋಗುತ್ತಾನೆ. ಆಮೇಲೆ ಟಿವಿ ಪ್ರದರ್ಶನ. ಕಳ್ಳನೊಬ್ಬ ಎದುರಿಗೇ ಓಡಿದಾಗ, ಪೊಲೀಸ್ ಕೂಗಿಕೊಂಡರೂ ತಡೆಯುವುದಿಲ್ಲ. ಅದೇ ಕಳ್ಳ ಅವನನ್ನು ಸಾಕಿದ ಅಂಕಲ್ ಬೆನ್‌ನನ್ನು ಕೊಲ್ಲುತ್ತಾನೆ. ದೊಡ್ಡ ಶಕ್ತಿಯ ಜೊತೆ ದೊಡ್ಡ ಹೊಣೆಯೂ ಬರಬೇಕು ಎಂಬ ಆ ಪ್ರಸಿದ್ಧ ಮಾತು ಅಲ್ಲಿ ಕೊನೆಯ ಚೌಕದ ನಿರೂಪಣೆಯಲ್ಲಿದೆ, ಬೆನ್ ಬಾಯಲ್ಲಿ ಇಲ್ಲ.

ಕೊಂಡಿಗಳನ್ನು ಗಮನಿಸಿ. ತಡೆಯುವುದು ಅವನಿಂದ ಸಾಧ್ಯವಿತ್ತು, ಸಲೀಸೂ ಆಗಿತ್ತು. ತಡೆಯದಿದ್ದುದಕ್ಕೆ ಕಾರಣ ಬರೀ ಉಡಾಫೆ. ನಷ್ಟವಾದದ್ದು ಆ ಉಡಾಫೆಯಿಂದಲೇ. ಬೆನ್ ಲಾರಿ ಅಪಘಾತದಲ್ಲಿ ಸತ್ತಿದ್ದರೆ ಪೀಟರ್‌ಗೆ ದುಃಖವಾಗುತ್ತಿತ್ತು, ಅಷ್ಟೇ. ಅದೇ ಕಳ್ಳ ಅದೇ ಮನೆಗೆ ನುಗ್ಗುವುದು ಕಾಕತಾಳೀಯವಲ್ಲವೇ ಎನ್ನಬಹುದು. ಹೌದು. ಆದರೆ ನಾಯಕನಿಗೆ ಕೆಡುಕು ಮಾಡುವ ಕಾಕತಾಳೀಯವನ್ನು ಓದುಗರು ಸಹಿಸುತ್ತಾರೆ. ಅವನನ್ನು ಪಾರುಮಾಡುವುದನ್ನು ಸಹಿಸುವುದಿಲ್ಲ.

ನಿಮ್ಮ ನಾಯಕನ ಶಕ್ತಿಗೆ ಮಿತಿ ಹಾಕಿ: ದಿನಕ್ಕೆ ನಾಲ್ಕೇ ಜನ ಎನ್ನೋಣ. ಮಿತಿಯಿಲ್ಲದಿದ್ದರೆ ಆಯ್ಕೆಯೇ ಇರುವುದಿಲ್ಲ, ಆಯ್ಕೆಯಿಲ್ಲದೆ ಹೊಣೆ ಹುಟ್ಟುವುದಿಲ್ಲ. ಈ ಲೆಕ್ಕ ಕಾದಂಬರಿಯ ಮೊದಲ ಕಾಲುಭಾಗದಲ್ಲೇ ಓದುಗರಿಗೆ ಗೊತ್ತಾಗಲಿ. ಬಿಕ್ಕಟ್ಟಿನ ಹೊತ್ತಿಗೆ ಹೇಳಿದರೆ ಲೇಖಕರ ಕೈವಾಡ ಎದ್ದು ಕಾಣುತ್ತದೆ. ನಾಲ್ಕನೆಯ ಸರದಿಯನ್ನು ಅವನು ನೆಗಡಿಯಾದ ಶ್ರೀಮಂತನಿಗೆ ಕೊಟ್ಟಿರಲಿ, ಐದನೆಯವಳು ಗೇಟಿನ ಬಳಿ ಮಗು ಎತ್ತಿಕೊಂಡು ನಿಂತಿರಲಿ. ಒಂದು ಪುಟ ಸಾಕು.

ಪ್ರಶ್ನೆ: ನನ್ನ ಕಥಾನಾಯಕಿ ಮಳೆ ತರಿಸಬಲ್ಲಳು, ಒಳ್ಳೆಯದಕ್ಕೇ ತರಿಸುತ್ತಾಳೆ. ಆದರೂ ಕಥೆ ಸಪ್ಪೆ.

ಉತ್ತರ: ಮಹಾಭಾರತದ ಸೌಪ್ತಿಕ ಪರ್ವದಲ್ಲಿ ಅರ್ಜುನ, ಅಶ್ವತ್ಥಾಮ ಇಬ್ಬರೂ ಬ್ರಹ್ಮಶಿರ ಅಸ್ತ್ರ ಬಿಡುತ್ತಾರೆ. ವ್ಯಾಸ, ನಾರದರು ಅಡ್ಡ ಬಂದಾಗ ಅರ್ಜುನ ಹಿಂದಕ್ಕೆ ಪಡೆಯುತ್ತಾನೆ. ಅಶ್ವತ್ಥಾಮನಿಗೆ ಆ ವಿದ್ಯೆ ಬಾರದು. ಅದನ್ನು ಪಾಂಡವ ಸ್ತ್ರೀಯರ ಗರ್ಭದತ್ತ ತಿರುಗಿಸುತ್ತಾನೆ. ನಿಮ್ಮವಳಿಗೂ ಮಳೆ ನಿಲ್ಲಿಸಲು ಬಾರದಿರಲಿ. ಕಡಲೆ ಬಾಡುತ್ತಿದೆಯೆಂದು ತರಿಸಿದ ಮಳೆ, ಪಕ್ಕದ ಹೊಲದಲ್ಲಿ ಬಿಡಿಸಲು ಬಂದ ಹತ್ತಿಯನ್ನು ನೆನೆಸಿ ಕೆಡಿಸಲಿ. ಆ ಹೊಲ ಅವಳ ಸೋದರಮಾವನದಾದರೆ ಇನ್ನೂ ಒಳ್ಳೆಯದು, ಜಗಳ ಮನೆಯೊಳಗೇ ಶುರುವಾಗುತ್ತದೆ.